ಬಂಡೆ, ಬಯಲು, ಹಿನ್ನೀರು: ಅಪ್ಪನ ಜೊತೆ ಡರ್ವೆಂಟ್ ಎಡ್ಜ್ ಮೇಲೆ

ಶೆಫೀಲ್ಡ್‌ನಿಂದ ಪಶ್ಚಿಮಕ್ಕೆ ಹೋಗುವ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿಗೇ ಮನೆಗಳ ಸಾಲು ಮುಗಿದು ಮರವಿಲ್ಲದ ಎತ್ತರದ ಬಯಲು ಶುರುವಾಗುತ್ತದೆ. ಇದು ಪೀಕ್ ಡಿಸ್ಟ್ರಿಕ್ಟ್. 1951ರಲ್ಲಿ ಬ್ರಿಟನ್ನಿನ ಮೊದಲ ನ್ಯಾಷನಲ್ ಪಾರ್ಕ್ ಆದ ಜಾಗ. ಒಂದು ಕಡೆ ಶೆಫೀಲ್ಡ್, ಇನ್ನೊಂದು ಕಡೆ ಮ್ಯಾಂಚೆಸ್ಟರ್, ನಡುವೆ ಈ ಬೆಟ್ಟಸಾಲು. ಇಲ್ಲಿಯ ಅತಿ ಎತ್ತರದ ಕಿಂಡರ್ ಸ್ಕೌಟ್ 636 ಮೀಟರ್, ನಮ್ಮ ಕೊಡಚಾದ್ರಿಯ ಅರ್ಧಕ್ಕೂ ಕಡಿಮೆ. ಆದರೆ ಮೇಲೆ ಹತ್ತಿ ನಿಂತರೆ ಗಾಳಿಗೆ ಅಡ್ಡ ಬರುವಂಥದ್ದು ಏನೂ ಇಲ್ಲ. ಕಣ್ಣು ಹೋದಷ್ಟು ದೂರ ಹೆದರ್ ಗಿಡ, ಹುಲ್ಲು, ಕಪ್ಪು ಬಂಡೆಗಳ ಗೆರೆ.

ನೋಡಿದವರಿಗೆ ಇದು ಮನುಷ್ಯ ಮುಟ್ಟದ ಜಾಗ ಅನಿಸುತ್ತದೆ. ನಿಜ ಹೇಳಬೇಕೆಂದರೆ ಇಲ್ಲಿ ಮನುಷ್ಯನ ಕೈ ಬೀಳದ ನೆಲ ಹುಡುಕುವುದು ಕಷ್ಟ. ಮರ ಕಡಿದವರು, ಕಲ್ಲು ಒಡೆದವರು, ಬೆಂಕಿ ಹಚ್ಚಿದವರು, ಊರು ಮುಳುಗಿಸಿದವರು, ನಡೆಯುವ ಹಕ್ಕಿಗಾಗಿ ಜೈಲಿಗೆ ಹೋದವರು, ಎಲ್ಲರ ಗುರುತೂ ಇಲ್ಲಿದೆ. ಅದನ್ನು ತಿಳಿದುಕೊಂಡು ನಡೆದರೆ ಈ ಬೆಟ್ಟಗಳ ಮೇಲಿನ ಪ್ರೀತಿ ಜಾಸ್ತಿ ಆಗುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

ಆಗಸ್ಟ್‌ನಲ್ಲಿ ಅಪ್ಪ ಬಂದಿದ್ದರು. ಸಾಗರದ ಕಡೆಯವರು, ಅರವತ್ತೆಂಟು ವರ್ಷ, ಗುಡ್ಡ ಹತ್ತುವುದರಲ್ಲಿ ನನಗಿಂತ ಗಟ್ಟಿ. ಲಂಡನ್ ನೋಡಿ ಬಂದ ಮೇಲೆ, "ಇನ್ನು ಕಟ್ಟಡ ಸಾಕು, ಎಲ್ಲಾದ್ರೂ ನಡಿವಂಥ ಜಾಗಕ್ಕೆ ಕರ್ಕಂಡು ಹೋಗು" ಎಂದರು. ನನಗೆ ಇಷ್ಟವಾದ ದಾರಿಯನ್ನೇ ಆರಿಸಿದೆ. ಎ57 ರಸ್ತೆಯ ಕಟ್‌ಥ್ರೋಟ್ ಬ್ರಿಜ್ ಹತ್ತಿರ ಶುರು. ಅಲ್ಲಿಂದ ಡರ್ವೆಂಟ್ ಎಡ್ಜ್ ಎನ್ನುವ ಬಂಡೆಸಾಲಿನ ಮೇಲೆ ಉತ್ತರಕ್ಕೆ ಬ್ಯಾಕ್ ಟಾರ್ ತನಕ (ಟಾರ್ ಎಂದರೆ ಬಂಡೆಗುಡ್ಡ). ಆಮೇಲೆ ಕಣಿವೆಗೆ ಇಳಿದು ಡರ್ವೆಂಟ್, ಲೇಡಿಬೋವರ್ ಜಲಾಶಯಗಳ ದಂಡೆ ಹಿಡಿದು ವಾಪಸ್. ಇಡೀ ದಿನದ ನಡಿಗೆ. ಚೀಲದಲ್ಲಿ ಚಪಾತಿ, ನಿಂಬೆಹಣ್ಣಿನ ಉಪ್ಪಿನಕಾಯಿ, ಫ್ಲಾಸ್ಕ್‌ನಲ್ಲಿ ಕಾಫಿ.

ಮೊದಲು ಜರೀಗಿಡ ತುಂಬಿದ ಏರು. ವಿನ್‌ಸ್ಟೋನ್ ಲೀ ಟಾರ್ ತಲುಪಿದ ತಕ್ಷಣ ಎಡಗಡೆ ನೆಲವೇ ಕಳಚಿ ಬಿದ್ದ ಹಾಗೆ ಕಣಿವೆ ತೆರೆದುಕೊಳ್ಳುತ್ತದೆ. ಕೆಳಗೆ ಲೇಡಿಬೋವರ್ ನೀರು. ಅಲ್ಲಿಂದ ಮುಂದೆ ಎಡಗಡೆ ಕಣಿವೆ, ಬಲಗಡೆ ಬಯಲು, ನಡುವೆ ನಾವು. ಆಗಸ್ಟ್‌ನಲ್ಲಿ ಹೆದರ್ ಹೂ ಬಿಡುತ್ತದೆ. ಮೊಣಕಾಲೆತ್ತರದ ಗಿಡ, ನೇರಳೆ ಬಣ್ಣದ ಸಣ್ಣ ಸಣ್ಣ ಹೂ. ಬಿಸಿಲು ಬಿದ್ದರೆ ಜೇನಿನ ವಾಸನೆ. ಶೆಫೀಲ್ಡ್ ಕಡೆಯ ಜೇನು ಸಾಕುವವರು ಈ ಹೂವಿಗೆಂದೇ ಪೆಟ್ಟಿಗೆಗಳನ್ನು ಬೆಟ್ಟಕ್ಕೆ ತಂದಿಡುತ್ತಾರೆ.

ಅಪ್ಪ ಹೂವಿನ ಬಗ್ಗೆ ಏನೂ ಹೇಳಲಿಲ್ಲ. ಸುತ್ತ ನೋಡಿ, "ಇಷ್ಟು ಮಳೆ ಬೀಳ ಜಾಗ ಅಂತಿ. ಮರ ಎಂತಕ್ಕಿಲ್ಲೆ?" ಎಂದು ಕೇಳಿದರು.

ಮಲೆನಾಡಿನವರಿಗೆ ಈ ಪ್ರಶ್ನೆ ಬರಲೇಬೇಕು ಅಲ್ವಾ. ಒಂದು ಕಾಲಕ್ಕೆ ಇಲ್ಲೂ ಮರ ಇತ್ತು. ಪೀಟ್ ಎನ್ನುವ ಕಪ್ಪು ಮಣ್ಣಿನ ಪದರಗಳಲ್ಲಿ ಹಳೆಯ ಪರಾಗ ಉಳಿದಿದೆ, ಕೆಲವು ಕಡೆ ಬೇರು ಬೊಡ್ಡೆಗಳೂ ಸಿಗುತ್ತವೆ. ಸಾವಿರಾರು ವರ್ಷಗಳ ಹಿಂದೆ ಜನ ಕಾಡು ಕಡಿದರು, ಸುಟ್ಟರು, ದನ ಕುರಿ ಮೇಯಿಸಿದರು. ಹವಾಮಾನ ತಂಪಾಗಿ ಒದ್ದೆಯಾಯಿತು. ನೀರು ನಿಂತ ನೆಲದಲ್ಲಿ ಸತ್ತ ಗಿಡ ಪೂರ್ತಿ ಕೊಳೆಯಲಿಲ್ಲ, ಹಾಗೇ ಒತ್ತಿಕೊಂಡು ಪೀಟ್ ಆಯಿತು. ಆಮೇಲೆ ಕ್ರೈಸ್ತ ಮಠದವರ ಕುರಿಗಳು ಬಂದವು. ಕುರಿ ಇದ್ದಲ್ಲಿ ಸಸಿ ಮೇಲೇಳುವುದಿಲ್ಲ. 19ನೇ ಶತಮಾನದಲ್ಲಿ ಗ್ರೌಸ್ ಬೇಟೆ ದೊಡ್ಡ ಷೋಕಿಯಾಯಿತು. ಗ್ರೌಸ್ ಎಂದರೆ ಕೋಳಿ ಗಾತ್ರದ ಕಂದು ಹಕ್ಕಿ. ಅದರ ಆಹಾರ ಹೆದರ್ ಚಿಗುರು. ಚಿಗುರು ಬರಬೇಕೆಂದರೆ ಹಳೆಯ ಗಿಡವನ್ನು ತುಂಡು ತುಂಡಾಗಿ ಸುಡಬೇಕು. ಹಾಗೆ ಸುಟ್ಟ ಪಟ್ಟೆಗಳು ಇಲ್ಲಿಯ ಎಷ್ಟೋ ಗುಡ್ಡಗಳ ಮೈಮೇಲೆ ಇವತ್ತಿಗೂ ಕಾಣುತ್ತವೆ. ಪ್ರತಿವರ್ಷ ಆಗಸ್ಟ್ 12ಕ್ಕೆ ಬೇಟೆಯ ಕಾಲ ಶುರು. ಅಂದರೆ ನಾನು ಮೆಚ್ಚಿ ಫೋಟೋ ತೆಗೆಯುವ ಈ ನೇರಳೆ ಬಯಲು ಬಹಳ ಮಟ್ಟಿಗೆ ಬಂದೂಕಿಗಾಗಿ ಬೆಳೆಸಿದ ಬೆಳೆ.

ಇದಕ್ಕೂ ಕೆಟ್ಟದ್ದು ಹೊಗೆ. ಮ್ಯಾಂಚೆಸ್ಟರ್ ಹತ್ತಿ ಗಿರಣಿಗಳು, ಶೆಫೀಲ್ಡ್ ಉಕ್ಕಿನ ಕುಲುಮೆಗಳು, ಎರಡರ ಮಸಿಯೂ ಗಂಧಕದ ಹೊಗೆಯೂ ನೂರೈವತ್ತು ವರ್ಷ ಈ ಬೆಟ್ಟಗಳ ಮೇಲೆ ಬಿತ್ತು. ಪೀಟ್ ಕಟ್ಟುವುದೇ ಸ್ಫ್ಯಾಗ್ನಮ್ ಎಂಬ ಪಾಚಿ. ತನ್ನ ತೂಕದ ಎಷ್ಟೋ ಪಟ್ಟು ನೀರು ಹಿಡಿಯುವ ಪಾಚಿ ಅದು. ಆಮ್ಲದ ಮಳೆಗೆ ಅದು ಸತ್ತುಹೋಯಿತು. ಮೇಲಿನ ಹೊದಿಕೆ ಹೋದ ಪೀಟ್ ಬಿಸಿಲಿಗೆ ಒಣಗಿತು, ಮಳೆಗೆ ಕೊಚ್ಚಿಹೋಯಿತು. ಆಳಾಳ ಕೊರಕಲುಗಳಾದವು. 2003ರಿಂದ 'ಮೂರ್ಸ್ ಫಾರ್ ದಿ ಫ್ಯೂಚರ್' ಎಂಬ ಸಂಸ್ಥೆ ಇದನ್ನು ಸರಿಮಾಡಲು ಕೂತಿದೆ. ಬ್ಲೀಕ್ಲೋ, ಬ್ಲ್ಯಾಕ್ ಹಿಲ್ ಮೇಲೆ ಹೆಲಿಕಾಪ್ಟರ್‌ನಲ್ಲಿ ಸುಣ್ಣ, ಹುಲ್ಲಿನ ಬೀಜ, ಕಲ್ಲು ಸಾಗಿಸಿದ್ದಾರೆ. ಕೊರಕಲುಗಳಿಗೆ ಸಣ್ಣ ಸಣ್ಣ ಒಡ್ಡು ಕಟ್ಟಿದ್ದಾರೆ. ಪಾಚಿಯ ಸಸಿಗಳನ್ನು ಕೈಯಲ್ಲೇ ನೆಟ್ಟಿದ್ದಾರೆ. ಬರೀ ಕಪ್ಪಾಗಿದ್ದ ಎಷ್ಟೋ ಕಡೆ ಈಗ ಹಸಿರು. ಬೆಟ್ಟದ ಮೇಲೆ ಬಗ್ಗಿ ಕೂತು ಪಾಚಿ ನೆಡುವ ಜನರ ಬಗ್ಗೆ ನನಗೆ ಬಹಳ ಗೌರವ. ಅದರ ಫಲ ಪೂರ್ತಿ ನೋಡಲು ಅವರ ಆಯುಷ್ಯ ಸಾಲುವುದಿಲ್ಲ.

ಅಪ್ಪ ಬಗ್ಗಿ ಒಂದು ಹಿಡಿ ಕಪ್ಪು ಮಣ್ಣು ಹಿಸುಕಿದರು. ಬೆರಳ ಸಂದಿಯಿಂದ ನೀರು ಇಳಿಯಿತು. "ತೋಟಕ್ಕೆ ಇದನ್ನೇ ಹಾಕಕು" ಎಂದರು. ಇಲ್ಲಿಯ ಜನವೂ ಹಾಗೇ ಅಂದುಕೊಂಡು ಪೀಟನ್ನು ಚೀಲಗಟ್ಟಲೆ ಕೈತೋಟಕ್ಕೆ ಸುರಿದಿದ್ದಾರೆ. ಈಗ ಬೇಡ ಅನ್ನುತ್ತಿದ್ದಾರೆ, ಏಕೆಂದರೆ ಈ ಮಣ್ಣಿನಲ್ಲಿ ಸಾವಿರಾರು ವರ್ಷದ ಇಂಗಾಲ ಕೂತಿದೆ.

ಎಡ್ಜ್ ಮೇಲಿನ ಬಂಡೆಗಳು ಈ ದಾರಿಯ ದೊಡ್ಡ ಸಂತೋಷ. ಎಲ್ಲಕ್ಕೂ ಹೆಸರಿದೆ: ವೀಲ್ ಸ್ಟೋನ್ಸ್, ವೈಟ್ ಟಾರ್, ಸಾಲ್ಟ್ ಸೆಲ್ಲರ್, ಡವ್‌ಸ್ಟೋನ್ ಟಾರ್, ಕೇಕ್ಸ್ ಆಫ್ ಬ್ರೆಡ್. ದೂರದ ರಸ್ತೆಯಿಂದ ನೋಡಿದರೆ ವೀಲ್ ಸ್ಟೋನ್ಸ್ ಕುದುರೆ ಕಟ್ಟಿದ ಸಾರೋಟಿನ ಹಾಗೆ ಕಾಣುವುದರಿಂದ ಅದಕ್ಕೆ 'ಕೋಚ್ ಅಂಡ್ ಹಾರ್ಸಸ್' ಅಂತಲೂ ಕರೆಯುತ್ತಾರೆ. ಇದು ಗ್ರಿಟ್‌ಸ್ಟೋನ್, ಒರಟು ಮರಳುಗಲ್ಲು. ಸುಮಾರು 32 ಕೋಟಿ ವರ್ಷಗಳ ಹಿಂದೆ ಉತ್ತರದ ಪರ್ವತಗಳಿಂದ ಹರಿದು ಬಂದ ದೊಡ್ಡ ನದಿಗಳು ಇಲ್ಲಿ ಮರಳು ತಂದು ಸುರಿದವು. ಆಗ ಈ ನೆಲ ಭೂಮಧ್ಯರೇಖೆಯ ಹತ್ತಿರ ಇತ್ತು. ಬಂಡೆಗೆ ಕೈ ಇಟ್ಟರೆ ಅಂದಿನ ಬೆಣಚುಕಲ್ಲಿನ ಹರಳುಗಳು ಅಂಗೈಗೆ ಚುಚ್ಚುತ್ತವೆ. ಸಾಲ್ಟ್ ಸೆಲ್ಲರ್ ಬಂಡೆಯ ಬುಡ ಸಣ್ಣ, ತಲೆ ದೊಡ್ಡದು. ಮೆತ್ತಗಿನ ಪದರ ಗಾಳಿ, ಮಂಜುಗಡ್ಡೆಗೆ ಸವೆದು, ಗಟ್ಟಿ ಪದರ ಉಳಿದಿದೆ. ಅಪ್ಪ ಅದರ ಸುತ್ತ ಬಂದರು, ಕೈಯಲ್ಲಿ ತಟ್ಟಿ ನೋಡಿದರು, ನೆರಳಲ್ಲಿ ಕೂತು ಚಪಾತಿ ಬಿಚ್ಚಿದರು.

ಅಲ್ಲಿ ಕೂತರೆ ಆಗ್ನೇಯಕ್ಕೆ ಸ್ಟ್ಯಾನೇಜ್ ಎಡ್ಜ್ ಸಾಲು ಕಾಣುತ್ತದೆ. ಅದರ ಬುಡದಲ್ಲಿ ನೂರಾರು ಬೀಸುವ ಕಲ್ಲುಗಳು ಬಿದ್ದಿವೆ. ದುಂಡಗೆ ಕೆತ್ತಿ, ನಡುವೆ ತೂತು ಕೊರೆದು, ಇನ್ನೇನು ಗಾಡಿಗೆ ಏರಿಸಬೇಕು ಅನ್ನುವಷ್ಟರಲ್ಲಿ ಬಿಟ್ಟುಹೋದವು. ಈ ಕಲ್ಲಿನಲ್ಲಿ ಬೀಸಿದ ಹಿಟ್ಟು ಬೂದು ಬಣ್ಣಕ್ಕೆ ಬರುತ್ತಿತ್ತು. ಜನಕ್ಕೆ ಬಿಳಿ ಬ್ರೆಡ್ಡಿನ ರುಚಿ ಹತ್ತಿ, ಫ್ರಾನ್ಸಿನಿಂದ ಬಂದ ಕಲ್ಲಿಗೆ ಬೇಡಿಕೆ ಹೆಚ್ಚಿತು. ಇಲ್ಲಿಯ ಕಲ್ಲುಕುಟಿಗರ ಕೆಲಸ ಹೋಯಿತು. ಆ ಬೀಸುವ ಕಲ್ಲೇ ಇವತ್ತು ನ್ಯಾಷನಲ್ ಪಾರ್ಕಿನ ಗುರುತು. ಪಾರ್ಕಿನ ಗಡಿಯಲ್ಲಿ ರಸ್ತೆ ಬದಿಗೆ ಒಂದೊಂದು ಕಲ್ಲು ನಿಲ್ಲಿಸಿದ್ದಾರೆ.

ಊಟ ಮಾಡುವಾಗ ಅಪ್ಪ ಕೇಳಿದರು, "ಇದು ಯಾರ ಜಾಗ? ನಮ್ಮನ್ನ ಯಾರೂ ಎಂತಕ್ಕೆ ತಡೀಲ್ಲೆ?"

ಈ ಪ್ರಶ್ನೆಗೆ ಉತ್ತರ ಹೇಳುವಾಗ ನನಗೆ ಇವತ್ತಿಗೂ ಮೈ ಬಿಸಿಯಾಗುತ್ತದೆ. ನೂರು ವರ್ಷದ ಹಿಂದೆ ಖಂಡಿತ ತಡೆಯುತ್ತಿದ್ದರು. ಊರಿನ ಗೋಮಾಳದಂತಿದ್ದ ಬೆಟ್ಟಗಳನ್ನು ಕಾಯ್ದೆ ಮಾಡಿಸಿ ದೊಡ್ಡ ಜಮೀನುದಾರರು ಬೇಲಿಯೊಳಗೆ ಸೇರಿಸಿಕೊಂಡಿದ್ದರು. ಬೇಟೆಯ ಹಕ್ಕಿ ಬೆದರಬಾರದು ಎಂದು ಗೇಮ್‌ಕೀಪರ್‌ಗಳನ್ನು ಕಾವಲಿಟ್ಟಿದ್ದರು. ಎರಡೂ ಕಡೆಯ ಪಟ್ಟಣಗಳಲ್ಲಿ ಗಿರಣಿಯ ದೂಳು ಕುಡಿಯುವ ಜನಕ್ಕೆ ಭಾನುವಾರ ಒಂದೇ ರಜೆ. ಬೆಟ್ಟ ಕಣ್ಣೆದುರೇ ಇದೆ, ಕಾಲಿಡುವ ಹಾಗಿಲ್ಲ.

1932ರ ಏಪ್ರಿಲ್ 24, ಒಂದು ಭಾನುವಾರ. ಮ್ಯಾಂಚೆಸ್ಟರ್ ಕಡೆಯ ಸುಮಾರು 400 ಮಂದಿ ಹೇಫೀಲ್ಡ್ ಎಂಬ ಹಳ್ಳಿಯಿಂದ ಕಿಂಡರ್ ಸ್ಕೌಟ್ ಹತ್ತಲು ಹೊರಟರು. ಮುಂದಾಳು ಬೆನ್ನಿ ರಾಥ್‌ಮನ್, ಇಪ್ಪತ್ತು ವರ್ಷದ ಹುಡುಗ. ಗೇಮ್‌ಕೀಪರ್‌ಗಳು ಕೋಲು ಹಿಡಿದು ಅಡ್ಡ ಬಂದರು, ನೂಕಾಟವಾಯಿತು. ಆದರೂ ಇವರು ಮೇಲೆ ಹೋದರು. ಈಡೇಲ್ ಕಡೆಯಿಂದ ಹತ್ತಿ ಬಂದ ಶೆಫೀಲ್ಡಿನ ಗುಂಪು ಮೇಲೆ ಜೊತೆಯಾಯಿತು. ಇಳಿದು ಬಂದಾಗ ಪೊಲೀಸರು ಕಾಯುತ್ತಿದ್ದರು. ಕೋರ್ಟಿನ ಜ್ಯೂರಿಯಲ್ಲಿ ಕೂತವರು ಬಹುಪಾಲು ಸೇನೆಯ ಅಧಿಕಾರಿಗಳು ಮತ್ತು ಜಮೀನುದಾರರು. ಐವರಿಗೆ ಎರಡರಿಂದ ಆರು ತಿಂಗಳ ಜೈಲು. ಬೆನ್ನಿಗೆ ನಾಲ್ಕು ತಿಂಗಳು.

ಆ ಶಿಕ್ಷೆ ಎಷ್ಟು ಕಠಿಣ ಎನಿಸಿತೆಂದರೆ, ಆ ನಡಿಗೆಯನ್ನು ಒಪ್ಪದವರೂ ಸಿಟ್ಟಾದರು. 1949ರಲ್ಲಿ ನ್ಯಾಷನಲ್ ಪಾರ್ಕ್ ಕಾಯ್ದೆ ಬಂತು. 2000ದಲ್ಲಿ ಇನ್ನೊಂದು ಕಾಯ್ದೆ ಬಂದು, ನಕ್ಷೆಯಲ್ಲಿ ಗುರುತಿಸಿದ ಬೆಟ್ಟ ಬಯಲುಗಳಲ್ಲಿ ಯಾರು ಬೇಕಾದರೂ ನಡೆಯಬಹುದು ಎಂದಾಯಿತು. 2002ರಲ್ಲಿ ಆ ನಡಿಗೆಯ 70ನೇ ವರ್ಷಕ್ಕೆ ಆ ಬೆಟ್ಟದ ಜಮೀನುದಾರರ ಮನೆತನದ ಡೆವನ್‌ಶೈರ್‌ನ ಡ್ಯೂಕ್ ಹೇಫೀಲ್ಡಿಗೆ ಬಂದು ತನ್ನ ಅಜ್ಜನ ಕಾಲದಲ್ಲಿ ಆದದ್ದಕ್ಕೆ ಎಲ್ಲರೆದುರು ಕ್ಷಮೆ ಕೇಳಿದ. ಹಾಗಂತ ಎಲ್ಲ ಸಿಕ್ಕಿತು ಅಂತಲ್ಲ. ಇಂಗ್ಲೆಂಡಿನ ನೆಲದಲ್ಲಿ ಹೀಗೆ ನಡೆಯುವ ಹಕ್ಕು ಇರುವುದು ಶೇಕಡ 8ರಷ್ಟು ಜಾಗದಲ್ಲಿ ಮಾತ್ರ. ನಾವು ಕೂತು ಚಪಾತಿ ತಿಂದ ಜಾಗ ಆ ಎಂಟರಲ್ಲಿ ಒಂದು ಚೂರು.

ಅಪ್ಪ ಪೂರ್ತಿ ಕೇಳಿ, "ನಡೆಯಕ್ಕೆ ಜೈಲಾ?" ಎಂದರು. ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ನಮ್ಮಲ್ಲಿ ಸೊಪ್ಪು ತಂದಿದ್ದಕ್ಕೂ ಕೇಸು ಬಿದ್ದಿತ್ತು" ಎಂದರು.

ಬ್ಯಾಕ್ ಟಾರ್ 538 ಮೀಟರ್, ಈ ದಾರಿಯ ನೆತ್ತಿ. ಬಂಡೆಯ ಮೇಲೆ ಸರ್ವೆಯ ಕಂಬ ಇದೆ. ಗಾಳಿ ಜೋರಾಗಿತ್ತು, ನಿಲ್ಲಲಿಲ್ಲ. ಹತ್ತಿರವೇ ಲಾಸ್ಟ್ ಲ್ಯಾಡ್ ಗುಡ್ಡ. ಹಿಮದಲ್ಲಿ ದಾರಿ ತಪ್ಪಿದ ಕುರಿ ಕಾಯುವ ಹುಡುಗನ ಕಥೆ ಅದರದ್ದು. ಅಲ್ಲಿಂದ ಅಬ್ಬಿ ಬ್ಯಾಂಕ್ ಇಳಿಜಾರು ಹಿಡಿದು ಕಣಿವೆಗೆ ಇಳಿದೆವು. ಕೆಳಗೆ ಬರುತ್ತ ಬರುತ್ತ ಗಾಳಿ ನಿಂತು, ಮರಗಳು ಶುರುವಾಗಿ, ನೀರಿನ ಬದಿಯ ಅಗಲ ದಾರಿ ಸಿಗುತ್ತದೆ. ಬಲಕ್ಕೆ ಹೋದರೆ ಹೌಡನ್ ಡ್ಯಾಮ್, ಎಡಕ್ಕೆ ಡರ್ವೆಂಟ್ ಡ್ಯಾಮ್. ನಾವು ಎಡಕ್ಕೆ ತಿರುಗಿದೆವು.

ಈ ಎರಡು ಡ್ಯಾಮ್‌ಗಳ ಕೆಲಸ 20ನೇ ಶತಮಾನದ ಶುರುವಿನಲ್ಲಿ ಆರಂಭವಾಗಿ, ಹೌಡನ್ 1912ಕ್ಕೂ ಡರ್ವೆಂಟ್ 1916ಕ್ಕೂ ಮುಗಿಯಿತು. ಶೆಫೀಲ್ಡ್, ಡರ್ಬಿ, ನಾಟಿಂಗ್‌ಹ್ಯಾಮ್, ಲೆಸ್ಟರ್ ಊರುಗಳಿಗೆ ಕುಡಿಯುವ ನೀರಿಗಾಗಿ ಕಟ್ಟಿದ್ದು. ಕಲ್ಲಿನ ಗೋಡೆ, ಎರಡು ತುದಿಗೆ ಕೋಟೆಯಂಥ ಗೋಪುರ. 1943ರಲ್ಲಿ ಜರ್ಮನಿಯ ಡ್ಯಾಮ್‌ಗಳ ಮೇಲೆ ಬಾಂಬ್ ಹಾಕುವ ಮೊದಲು ಬ್ರಿಟಿಷ್ ವಾಯುಪಡೆಯ 617ನೇ ಸ್ಕ್ವಾಡ್ರನ್ ಇಲ್ಲೇ ತಗ್ಗಿನಲ್ಲಿ ಹಾರುವ ಅಭ್ಯಾಸ ಮಾಡಿತ್ತು. ನೋಡಲು ಬರುವವರಿಗೆಲ್ಲ ಆ ಕಥೆಯೇ ಮುಖ್ಯ. ನನಗೆ ಎದುರು ದಡದ ಬರ್ಚಿನ್‌ಲೀ ಮುಖ್ಯ. ಡ್ಯಾಮ್ ಕಟ್ಟಲು ಬಂದ ಕೂಲಿಕಾರರಿಗೆ ಮತ್ತು ಅವರ ಮನೆಮಂದಿಗೆ ಅಲ್ಲಿ ತಗಡಿನ ಮನೆಗಳ ಒಂದು ಊರನ್ನೇ ಎಬ್ಬಿಸಿದ್ದರು. ಶಾಲೆ, ಆಸ್ಪತ್ರೆ, ಅಂಚೆ ಕಚೇರಿ, ಅಂಗಡಿ ಎಲ್ಲ ಇತ್ತು. ಜನ 'ಟಿನ್ ಟೌನ್' ಎನ್ನುತ್ತಿದ್ದರು. ಕೆಲಸ ಮುಗಿಯಿತು, ಊರನ್ನು ಬಿಚ್ಚಿ ಮಾರಿದರು. ಈಗ ಮರಗಳ ನಡುವೆ ತಳಪಾಯದ ಗುರುತು ಮಾತ್ರ.

ಡರ್ವೆಂಟ್ ಡ್ಯಾಮಿನ ಪಶ್ಚಿಮ ತುದಿಯಲ್ಲಿ ಟಿಪ್ ಎಂಬ ನಾಯಿಯ ನೆನಪಿಗೆ ಒಂದು ಕಲ್ಲಿದೆ. 1953ರ ಡಿಸೆಂಬರ್‌ನಲ್ಲಿ ಜೋಸೆಫ್ ಟ್ಯಾಗ್ ಎಂಬ ಮುದುಕ ಕುರಿಗಾರ ಹೌಡನ್ ಬಯಲಿಗೆ ಹೋದವನು ಅಲ್ಲೇ ತೀರಿಕೊಂಡ. ಅವನ ನಾಯಿ ಚಳಿಗಾಲವಿಡೀ, ಹದಿನೈದು ವಾರ, ಹೆಣದ ಪಕ್ಕ ಬಿಟ್ಟು ಕದಲಲಿಲ್ಲ. ಸಿಕ್ಕಾಗ ಜೀವ ಇತ್ತು. ಅಪ್ಪನಿಗೆ ಇದನ್ನು ಓದಿ ಹೇಳಿದೆ. "ಎಂತ ತಿಂದು ಬದುಕ್ತು ಅದು?" ಎಂದು ದಾರಿಯುದ್ದಕ್ಕೂ ಕೇಳುತ್ತಲೇ ಇದ್ದರು.

ಲೇಡಿಬೋವರ್ ದಂಡೆಯ ದಾರಿಗೆ ಬಂದ ಮೇಲೆ ಮಾತು ಬೇರೆಯಾಯಿತು. ಈ ನೀರಿನ ಕೆಳಗೆ ಎರಡು ಊರುಗಳಿವೆ, ಡರ್ವೆಂಟ್ ಮತ್ತು ಆಶಾಪ್ಟನ್. ಮೊದಲ ಎರಡು ಜಲಾಶಯ ಸಾಲದೆ 1935ರಲ್ಲಿ ಇದರ ಕೆಲಸ ಶುರುವಾಯಿತು. 1943ರಲ್ಲಿ ನೀರು ತುಂಬಲು ಬಿಟ್ಟರು. 1945ರ ಸೆಪ್ಟೆಂಬರ್‌ನಲ್ಲಿ ಆರನೇ ಜಾರ್ಜ್ ದೊರೆ ಬಂದು ಉದ್ಘಾಟನೆ ಮಾಡಿದ. ಡರ್ವೆಂಟ್ ಚರ್ಚಿನ ಸಮಾಧಿಗಳನ್ನು ಅಗೆದು, ಹೆಣಗಳನ್ನು ಬ್ಯಾಮ್‌ಫರ್ಡ್ ಊರಿಗೆ ಒಯ್ದು ಮತ್ತೆ ಹೂತರು. ಹಳೆಯ ಕಲ್ಲು ಸೇತುವೆಯನ್ನು ಒಂದೊಂದೇ ಕಲ್ಲು ಬಿಚ್ಚಿ, ಮೇಲಿನ ಸ್ಲಿಪರಿ ಸ್ಟೋನ್ಸ್ ಎಂಬಲ್ಲಿ ಮತ್ತೆ ಕಟ್ಟಿದರು. ಚರ್ಚಿನ ಶಿಖರವನ್ನು ಮಾತ್ರ ನೆನಪಿಗೆಂದು ನೀರಿನ ನಡುವೆ ಬಿಟ್ಟಿದ್ದರು. ಜನ ಈಜಿ ಅದರ ಹತ್ತಿರ ಹೋಗುವುದು ಅಪಾಯ ಎಂದು 1947ರ ಡಿಸೆಂಬರ್‌ನಲ್ಲಿ ಸಿಡಿಮದ್ದಿಟ್ಟು ಉರುಳಿಸಿದರು. 1976, 1995, 2018, 2022ರಂಥ ಬರದ ವರ್ಷ ಬಂದರೆ ಡರ್ವೆಂಟ್‌ನ ಗೋಡೆ, ಕಲ್ಲಿನ ರಾಶಿ ಮೇಲೆ ಕಾಣುತ್ತವೆ. ನೋಡಲು ಜನ ಮುಗಿಬೀಳುತ್ತಾರೆ. ನಾವು ಹೋದ ದಿನ ದಂಡೆಯಲ್ಲಿ ಒಂದಾಳು ಉದ್ದ ಕೆಸರು ಮಾತ್ರ ಕಾಣುತ್ತಿತ್ತು.

ಅಪ್ಪ ಆ ಕೆಸರನ್ನೇ ನೋಡುತ್ತ ನಿಂತರು. ಅವರು ಮುಳುಗಡೆಯ ಊರಿನವರು. ಲಿಂಗನಮಕ್ಕಿ ತುಂಬಿದಾಗ, 1964ರಲ್ಲಿ, ಅವರಿನ್ನೂ ಶಾಲೆಗೆ ಹೋಗುವ ಹುಡುಗ. ಲಾರಿಯಲ್ಲಿ ಪಾತ್ರೆ, ದನ, ಅಜ್ಜಿ ಎಲ್ಲ ಒಟ್ಟಿಗೆ ಹೋದದ್ದು ಅವರಿಗೆ ನೆನಪಿದೆ. ಮಡೆನೂರು ಕಡೆ ಅವರ ಊರು. ಅಲ್ಲಿ ಜೋಗದ ಕರೆಂಟಿಗೆಂದು ಮೊದಲು ಕಟ್ಟಿದ್ದ ಹಿರೇಭಾಸ್ಕರ ಡ್ಯಾಮನ್ನೇ ಲಿಂಗನಮಕ್ಕಿಯ ನೀರು ನುಂಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಆ ಹಳೇ ಡ್ಯಾಮ್ ಪೂರ್ತಿ ಎದ್ದು ನಿಲ್ಲುತ್ತದೆ. ಈಗ ಅದೂ ಪ್ರವಾಸಿ ಜಾಗ. ಅಪ್ಪ ಒಂದೆರಡು ಸಲ ಹೋಗಿದ್ದಾರೆ. ಡ್ಯಾಮ್ ನೋಡಲಿಕ್ಕಲ್ಲ, ಅದರಾಚೆ ಗದ್ದೆಬಯಲು ಯಾವ ಕಡೆ ಇತ್ತು ಎಂದು ಅಂದಾಜು ಮಾಡಲಿಕ್ಕೆ.

"ಇಲ್ಲಿಯವರಿಗೆ ಎಲ್ಲಿ ಜಾಗ ಕೊಟ್ರು?" ಎಂದು ಕೇಳಿದರು.

ಯಾರ್ಕ್‌ಶೈರ್ ಬ್ರಿಜ್ ಅಂತ, ಡ್ಯಾಮಿನ ಕೆಳಗಡೆ ಕಲ್ಲಿನ ಮನೆಗಳ ಒಂದು ಬಡಾವಣೆ ಕಟ್ಟಿಕೊಟ್ಟರು ಎಂದೆ. ಇವತ್ತಿಗೂ ಇದೆ, ಜನ ವಾಸವಿದ್ದಾರೆ.

"ಮನೆ ಕಟ್ಟಿಸಿ ಕೊಟ್ರಾ?" ಎಂದರು. ಅಷ್ಟೇ. ಶರಾವತಿಯ ಕಡೆಯಿಂದ ಎದ್ದು ಹೋದವರಲ್ಲಿ ಎಷ್ಟೋ ಮನೆಯವರು ಅರವತ್ತು ವರ್ಷ ಕಳೆದರೂ ತಾವು ಉಳುವ ಜಮೀನಿನ ಹಕ್ಕುಪತ್ರಕ್ಕೆ ಇನ್ನೂ ಓಡಾಡುತ್ತಿದ್ದಾರೆ. ನಮ್ಮ ಮನೆಯ ಫೈಲೂ ಅದರಲ್ಲಿ ಒಂದು.

ಅಳತೆಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಲೇಡಿಬೋವರ್ ಹಿಡಿಯುವುದು ಹೆಚ್ಚುಕಡಿಮೆ ಒಂದು ಟಿಎಂಸಿ ನೀರು. ಲಿಂಗನಮಕ್ಕಿ 151 ಟಿಎಂಸಿ. ಡರ್ವೆಂಟ್, ಆಶಾಪ್ಟನ್ ಮುಳುಗಿದ ಕಥೆಗೆ ಇಲ್ಲಿ ಫೋಟೋಗಳಿವೆ, ಫಲಕಗಳಿವೆ, ಯಾವ ಮನೆ ಎಲ್ಲಿತ್ತು ಎಂಬ ನಕ್ಷೆಯಿದೆ. ಶರಾವತಿ ಕಣಿವೆಯಲ್ಲಿ ಮುಳುಗಿದ ಹಳ್ಳಿಗಳನ್ನೂ ಹೀಗೆ ಒಂದೊಂದು ಮನೆಯ ಲೆಕ್ಕದಲ್ಲಿ ಬರೆದಿಡಬೇಕು ಎಂದು ನನಗೆ ಬಹಳ ತೀವ್ರವಾಗಿ ಅನಿಸುತ್ತದೆ. ನೆನಪಿರುವವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ.

ಆಶಾಪ್ಟನ್ ಸೇತುವೆಯ ಹತ್ತಿರ ಬಂದು, ಅಲ್ಲಿಂದ ಡ್ಯಾಮಿನ ತನಕ ನಡೆದೆವು. ಗೋಡೆಯ ಹತ್ತಿರ ನೀರಿನಲ್ಲಿ ಎರಡು ದೊಡ್ಡ ಕಲ್ಲಿನ ಬಾವಿಗಳಿವೆ, ಒಂದೊಂದು 24 ಮೀಟರ್ ಅಗಲ. ಜಲಾಶಯ ತುಂಬಿದಾಗ ಹೆಚ್ಚಿನ ನೀರು ಸುತ್ತಲಿಂದ ಇದರೊಳಗೆ ಧುಮುಕಿ ಸುರಂಗದಲ್ಲಿ ಆಚೆಗೆ ಹೋಗುತ್ತದೆ. ಆ ದಿನ ಒಣಗಿತ್ತು, ಒಳಗಿನ ಮೆಟ್ಟಿಲು ಮೆಟ್ಟಿಲಾದ ಕಲ್ಲು ಚೆನ್ನಾಗಿ ಕಂಡಿತು. ಅಪ್ಪ ತಕ್ಷಣ ಹಿರೇಭಾಸ್ಕರದ ಸೈಫನ್ ನೆನಪು ಮಾಡಿಕೊಂಡರು. ಬಾಗಿಲು ಎತ್ತುವ ಆಳೇ ಬೇಡ, ನೀರು ಮಟ್ಟಕ್ಕೆ ಬಂದರೆ ತಾನಾಗಿ ಎಳೆದು ಹೊರಗೆ ಹಾಕುವ ಆ ಸೈಫನ್ ರೂಪಿಸಿದ್ದು ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್. ಮಾರ್ಕೋನಹಳ್ಳಿಯಲ್ಲೂ ಅವರದ್ದೇ ಸೈಫನ್. ಬೇಲಿಗೆ ಒರಗಿ ಅಪ್ಪ ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಕೈ ತಿರುಗಿಸಿ ವಿವರಿಸಿದರು. ಪಕ್ಕದಲ್ಲಿ ನಿಂತಿದ್ದ ಇಂಗ್ಲಿಷ್ ದಂಪತಿ ನಕ್ಕು, ಏನು ಹೇಳುತ್ತಿದ್ದಾರೆ ಎಂದು ಕೇಳಿದರು. ನಾನು ಅನುವಾದ ಮಾಡಿದೆ. ಆ ಗಂಡಸು ನಿವೃತ್ತ ಎಂಜಿನಿಯರ್ ಅಂತೆ. ನಮ್ಮ ಬಸ್ಸು ಬರುವ ತನಕ ಅಪ್ಪನನ್ನು ಬಿಡಲೇ ಇಲ್ಲ.

ಬಸ್ಸಿನಲ್ಲಿ ನಾನು ಫೋನ್ ತೆಗೆದು, ನಿಮ್ಮೂರಿನ ಮನೆಗಳನ್ನು ಒಂದು ಕಡೆಯಿಂದ ಹೇಳಿ ಅಪ್ಪ, ಬರೆದುಕೊಳ್ಳುತ್ತೇನೆ ಎಂದೆ. ಅವರು ಕಣ್ಣು ಮುಚ್ಚಿ ಶುರುಮಾಡಿದರು. ಮೇಲಿನಮನೆ, ಅದರ ಕೆಳಗೆ ಹೊಸಮನೆ, ಆಮೇಲೆ ಕೊಟ್ಟಿಗೆ, ಆಮೇಲೆ ಹೊಳೆಬದಿಯ ಮನೆ. ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾರ ಅಂಗಳದಲ್ಲಿ ಹಲಸಿನ ಮರ, ಎಲ್ಲ ಬಂತು. ಒಂದು ಕಡೆ ತಡೆಯಿತು. "ಅಣ್ಣಂಗೆ ಕೇಳಕು" ಎಂದರು. ಊರಿನಲ್ಲಿ ಆಗ ರಾತ್ರಿ ಹತ್ತೂವರೆ. ದೊಡ್ಡಪ್ಪ ಎದ್ದೇ ಇದ್ದರು. ಹೊಳೆಬದಿಯ ಮನೆ ಸಾಲಿನಲ್ಲೇ ಇರಲಿಲ್ಲ, ಹಳ್ಳದಾಚೆ ಇತ್ತು ಎಂದು ಅವರ ವಾದ. ಅಪ್ಪ ಒಪ್ಪಲಿಲ್ಲ. ಶೆಫೀಲ್ಡ್ ಬಸ್‌ಸ್ಟ್ಯಾಂಡ್ ಬರುವ ತನಕ ಇಬ್ಬರೂ ಜೋರಾಗಿ ಚರ್ಚೆ ಮಾಡಿದರು. ನಾನು ಎರಡನ್ನೂ ಬರೆದುಕೊಂಡೆ.